ಜೇಮ್ಸ್ ಅಟ್ಕಿನ್ಸನ್ ಎಂಬ ಯಂತ್ರಶಿಲ್ಪಿಯ ಜೀವನವು



ಕಳೆದ ವರ್ಷದ ವಾರ್ಷಿಕೋತ್ಸವಕ್ಕೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೊರಬದ ಕಡೆಯಿಂದ ಸಕುಟುಂಬವಾಗಿ ಒಂದು ಹೊಸ ಮೋಟಾರು ಕಾರಿನಲ್ಲಿ ಬಂದಿದ್ದಳು. ಸಂಜೆ ಸಮಾರಂಭವು ಮುಗಿದು ಅವರು ಹೊರಟಾಗ, ಆ ಕಾರು ಎಂಜಿನಿನ ಸದ್ದೇ ಇಲ್ಲದೆ ಅಂಗಳದಲ್ಲಿ ಸರಿದು ಗೇಟನ್ನು ದಾಟಿತು. ಮುಂದಿನ ಏರನ್ನು ಹತ್ತುವಾಗ ಮಾತ್ರ ಮೆಲ್ಲನೆ ಗುರುಗುಟ್ಟಿತು. ನಮ್ಮ ಹುಡುಗಿಯರು ಅದನ್ನು ಕಂಡು ಬಹಳ ಆಶ್ಚರ್ಯಪಟ್ಟರು. ಅದಕ್ಕೂ ಮೊದಲೇ ಆ ಕಾರಿನ ಕೈಪಿಡಿಯನ್ನು ತಿರುವಿಹಾಕಿದ್ದ ಒಂಬತ್ತನೆಯ ತರಗತಿಯ ಒಬ್ಬಳು, ಅದರಲ್ಲಿ ಎಂಜಿನಿನ ಬಗೆಯನ್ನು ಹೇಳುವಲ್ಲಿ ಅಟ್ಕಿನ್ಸನ್ ಎಂಬ ಹೆಸರಿದೆಯೆಂದೂ, ಅದು ಊರಿನ ಹೆಸರೋ ಮನುಷ್ಯನ ಹೆಸರೋ ಎಂದೂ ನಮ್ಮನ್ನು ಕೇಳಿದಳು. ಮನುಷ್ಯನ ಹೆಸರೆಂದಷ್ಟೇ ಆಗ ಹೇಳಿ, ಉಳಿದುದನ್ನು ಓದಿ ಹೇಳುವೆವೆಂದು ಮಾತು ಕೊಟ್ಟೆವು.

ಆ ಮಾತನ್ನು ನಡೆಯಿಸುವುದಕ್ಕೆ ಈ ಸ್ಮರಣ ಸಂಚಿಕೆಯ ಪುಟಗಳು ಒದಗಿಬಂದಿವೆ. ಆದರೆ ಇದರಲ್ಲಿ ನಮ್ಮದೊಂದು ಹಳೆಯ ಸಾಲವೂ ಸೇರಿದೆಯೆಂಬುದನ್ನು ಮೊದಲೇ ಅರಿಕೆಮಾಡಬೇಕು. ನಾವು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ಹತ್ತನೆಯ ತರಗತಿಗೆ ಪೆಟ್ರೋಲು ಎಂಜಿನಿನ ಪಾಠವನ್ನು ಹೇಳುತ್ತಿದ್ದೆವು. ಗೋಡೆಯ ಮೇಲೆ ಚಿತ್ರಪಟವನ್ನು ತೂಗುಹಾಕಿ, ಚೂಷಣ, ಸಂಕೋಚನ, ಶಕ್ತಿ, ನಿಷ್ಕಾಸಗಳೆಂಬ ನಾಲ್ಕು ಹೊಡೆತಗಳನ್ನು ವಿದ್ಯಾರ್ಥಿನಿಯರಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ಆಗ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿಯು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದಳು. ಅವಳ ಮನೆಯವರು ಚಳಿಗಾಲದಲ್ಲಿ ಆಲೆಮನೆಯನ್ನು ನಡೆಯಿಸುತ್ತಿದ್ದರು. ಹೊಗೆಯು ಅಷ್ಟು ಸದ್ದುಮಾಡಿಕೊಂಡು ಹೊರಗೆ ನುಗ್ಗುವುದಾದರೆ ಅದರಲ್ಲಿ ಇನ್ನೂ ಬಲವಿದೆಯೆಂದಲ್ಲವೇ, ಒಮ್ಮೆ ಹಿಂಡಿದ ಕಬ್ಬನ್ನು ಮಡಿಸಿ ಮತ್ತೊಮ್ಮೆ ಗಾಣಕ್ಕೆ ಕೊಡುವಂತೆ ಆ ಬಲವನ್ನೂ ಏಕೆ ಹಿಂಡಿಕೊಳ್ಳಬಾರದು, ಎಂಬುದು ಅವಳ ಪ್ರಶ್ನೆಯಾಗಿತ್ತು. ಪರೀಕ್ಷೆಯು ಸಮೀಪಿಸಿದ್ದಿತು, ನಮಗೆ ಉತ್ತರವೂ ತಿಳಿದಿರಲಿಲ್ಲ. ಪುಸ್ತಕದಲ್ಲಿ ಇಲ್ಲದುದನ್ನು ಕೇಳಬಾರದೆಂದು ಹೇಳಿ ಅವಳನ್ನು ಕುಳ್ಳಿರಿಸಿದೆವು. ಅವಳು ಆ ವರ್ಷ ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅದೇ ಪ್ರಶ್ನೆಯನ್ನು ಆಕೆಗಿಂತ ನೂರಿಪ್ಪತ್ತು ವರ್ಷಗಳಿಗೂ ಮುಂಚೆ ತನಗೆ ತಾನೇ ಹಾಕಿಕೊಂಡು, ಲೋಹದಲ್ಲಿ ಅದಕ್ಕೆ ಉತ್ತರವನ್ನು ಕಟ್ಟಿ ತೋರಿಸಿದ ಮನುಷ್ಯನೇ ಜೇಮ್ಸ್ ಅಟ್ಕಿನ್ಸನ್ ಎಂಬುದು ನಮಗೆ ಬಹು ತಡವಾಗಿ ತಿಳಿಯಿತು.

ಅಟ್ಕಿನ್ಸನ್ನನು 1846ರಲ್ಲಿ ಜನಿಸಿದನು; ಇಂಗ್ಲೆಂಡಿನ ಯಂತ್ರಶಿಲ್ಪಿಯಾಗಿ ಬಾಳಿದನು. ಆತನ ಬಾಲ್ಯಕಾಲದಲ್ಲಿ ಆ ದೇಶದ ಕಾರ್ಖಾನೆಗಳನ್ನೂ ರೈಲುಗಳನ್ನೂ ಅನೇಕ ಹಡಗುಗಳನ್ನೂ ನಡೆಯಿಸುತ್ತಿದ್ದುದು ಮುಖ್ಯವಾಗಿ ಉಗಿಯಂತ್ರ. ಉಗಿಯಂತ್ರಕ್ಕೆ ದೊಡ್ಡ ಹಂಡೆ ಬೇಕು, ಒಲೆ ಬೇಕು, ಸದಾ ಕಾಯುವ ಆಳು ಬೇಕು. ಸಣ್ಣ ಮುದ್ರಣಾಲಯದವನೂ ಬಡಗಿಯೂ ಅದನ್ನು ಸಾಕಲಾರರು. ಪಟ್ಟಣಗಳಲ್ಲಿ ಬೀದಿದೀಪಗಳಿಗಾಗಿ ಕಲ್ಲಿದ್ದಲಿನಿಂದ ತೆಗೆದ ಗ್ಯಾಸು ಕೊಳವೆಗಳಲ್ಲಿ ಹರಿಯುತ್ತಿದ್ದಿತು. ಆ ಗ್ಯಾಸನ್ನು ಯಂತ್ರದ ಒಳಗೆಯೇ ಉರಿಯಿಸಿ ಕೆಲಸವನ್ನು ಪಡೆಯಬಹುದೇ ಎಂದು ಅನೇಕರು ಪ್ರಯತ್ನಿಸುತ್ತಿದ್ದರು. ಅಂತರ್ದಹನ ಎಂಜಿನುಗಳ ವಂಶವು ಹೀಗೆ ಆರಂಭವಾಯಿತು.

ಈ ಪ್ರಯತ್ನದಲ್ಲಿ ಎಲ್ಲರಿಗಿಂತಲೂ ಮುಂದೆ ಹೋದವನು ಜರ್ಮನಿಯ ನಿಕೊಲಾಸ್ ಒಟ್ಟೊ. ದಿನಸಿ ವ್ಯಾಪಾರದ ಸಂಚಾರಿ ಗುಮಾಸ್ತನಾಗಿದ್ದ ಈತನು ಯಂತ್ರವಿದ್ಯೆಯನ್ನು ಯಾವ ಕಾಲೇಜಿನಲ್ಲಿಯೂ ಕಲಿತವನಲ್ಲ. 1876ರಲ್ಲಿ ಆತನು ನಾಲ್ಕು ಹೊಡೆತಗಳ ಎಂಜಿನನ್ನು ಸಿದ್ಧಪಡಿಸಿದನು. ನಮ್ಮ ತರಗತಿಯ ಗೋಡೆಯ ಮೇಲಿದ್ದ ಚಿತ್ರಪಟವು ಆ ಯಂತ್ರದ್ದೇ. ಸಿಲಿಂಡರೆಂಬ ನಳಿಗೆಯೊಳಗೆ ಪಿಸ್ಟನ್ ಎಂಬ ಬೆಣೆಯು ಹಿಂದಕ್ಕೂ ಮುಂದಕ್ಕೂ ಆಡುವುದು. ಮೊದಲನೆಯ ಹೊಡೆತದಲ್ಲಿ ಅದು ಗ್ಯಾಸು ಬೆರೆತ ಗಾಳಿಯನ್ನು ಒಳಕ್ಕೆ ಎಳೆಯುವುದು; ಎರಡನೆಯದರಲ್ಲಿ ಆ ಗಾಳಿಯನ್ನು ಒತ್ತಿ ಇರುಕಿಸುವುದು; ಮೂರನೆಯದರಲ್ಲಿ ಹೊತ್ತಿಕೊಂಡ ಗಾಳಿಯು ಹಿಗ್ಗಿ ಪಿಸ್ಟನನ್ನು ದೂಡುವುದು; ನಾಲ್ಕನೆಯದರಲ್ಲಿ ಸುಟ್ಟ ಹೊಗೆಯು ಹೊರಕ್ಕೆ ತಳ್ಳಲ್ಪಡುವುದು. ನಾಲ್ಕರಲ್ಲಿ ಒಂದೇ ಒಂದು ಹೊಡೆತವು ದುಡಿಯುವುದು, ಮಿಕ್ಕ ಮೂರು ಅದಕ್ಕೆ ಅಣಿಮಾಡುವುವು. ಗಾಳಿಯನ್ನು ಮೊದಲು ಒತ್ತಿ, ಆಮೇಲೆ ಉರಿಯಿಸಿದ್ದರಿಂದ ಒಟ್ಟೊವಿನ ಎಂಜಿನು ಹಿಂದಿನ ಗ್ಯಾಸು ಎಂಜಿನುಗಳಿಗಿಂತ ಎಷ್ಟೋ ಮಿತವ್ಯಯಿಯಾಯಿತು.

ಆದರೆ ಅದರಲ್ಲಿಯೂ ಒಂದು ನಷ್ಟವು ಅಡಗಿದ್ದಿತು. ಪಿಸ್ಟನ್ನಿನ ಓಟವು ನಾಲ್ಕು ಹೊಡೆತಗಳಲ್ಲಿಯೂ ಒಂದೇ ಅಳತೆಯದು. ಗಾಳಿಯನ್ನು ಎಷ್ಟು ದೂರ ಎಳೆದುಕೊಂಡಿತೋ ಅಷ್ಟೇ ದೂರ ಅದನ್ನು ಹಿಗ್ಗಗೊಡುವುದು. ಉರಿದು ಕಾದ ಗಾಳಿಗೆ ಅಷ್ಟು ಜಾಗವು ಸಾಲದು. ಶಕ್ತಿಯ ಹೊಡೆತವು ಮುಗಿದಾಗಲೂ ಅದರ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಬಹಳ ಹೆಚ್ಚಾಗಿರುವುದು. ಬಾಗಿಲು ತೆರೆದೊಡನೆ ಆ ಒತ್ತಡವೆಲ್ಲ ಗದ್ದಲ ಮಾಡುತ್ತ ಹೊರಗೆ ಹಾರಿಹೋಗುವುದು. ನಮ್ಮ ಸೊರಬದ ಹುಡುಗಿಯ ಕಿವಿಗೆ ಬಿದ್ದುದು ಇದೇ ಗದ್ದಲ. ರಸವಿರುವ ಕಬ್ಬನ್ನು ಸಿಪ್ಪೆಯೆಂದು ಎಸೆದಂತೆ ಇದಾಯಿತು.

ಹಾಗಾದರೆ ಗಾಳಿಯನ್ನು ಇನ್ನೂ ಹೆಚ್ಚಾಗಿ ಇರುಕಿಸಿ, ಇನ್ನೂ ಹೆಚ್ಚಾಗಿ ಹಿಗ್ಗಗೊಡಬಾರದೇ ಎಂದು ಕೇಳಬಹುದು. ಅದಕ್ಕೂ ಒಂದು ಮೇರೆಯುಂಟು. ಇಂಧನ ಬೆರೆತ ಗಾಳಿಯನ್ನು ಅತಿಯಾಗಿ ಒತ್ತಿದರೆ ಅದು ಕಾದು, ಕಿಡಿಯ ಅಪ್ಪಣೆಗೆ ಕಾಯದೆ ತಾನೇ ಹೊತ್ತಿಕೊಂಡು ಸಿಲಿಂಡರನ್ನು ಸುತ್ತಿಗೆಯಂತೆ ಬಡಿಯುವುದು. ಆದ್ದರಿಂದ ಒತ್ತುವುದಕ್ಕೆ ಒಂದು ಅಳತೆ, ಹಿಗ್ಗುವುದಕ್ಕೆ ಬೇರೊಂದು ದೊಡ್ಡ ಅಳತೆ, ಹೀಗೆ ಎರಡನ್ನೂ ಬೇರ್ಪಡಿಸಬೇಕು. ಮಿತವ್ಯಯದ ಗುಟ್ಟೆಲ್ಲ ಈ ಒಂದು ವಾಕ್ಯದಲ್ಲಿದೆ. ಇದನ್ನು ಯಂತ್ರರೂಪಕ್ಕೆ ಇಳಿಸಿದುದೇ ಅಟ್ಕಿನ್ಸನ್ನನ ಜೀವನದ ಮುಖ್ಯ ಕಾರ್ಯವು.

ಆತನನ್ನು ಈ ಕಾರ್ಯಕ್ಕೆ ನೂಕಿದುದು ಮಿತವ್ಯಯದ ಆಸೆಯೊಂದೇ ಅಲ್ಲ; ಮುಚ್ಚಿದ ಬಾಗಿಲೊಂದು ಆತನ ಮುಂದಿದ್ದಿತು. ಒಟ್ಟೊವಿನ ಎಂಜಿನಿಗೆ ಪೇಟೆಂಟೆಂಬ ಕಾನೂನಿನ ರಕ್ಷಣೆಯಿದ್ದು, ಇಂಗ್ಲೆಂಡಿನಲ್ಲಿ ಅದನ್ನು ತಯಾರಿಸುವ ಅಧಿಕಾರವು ಮ್ಯಾಂಚೆಸ್ಟರಿನ ಕ್ರಾಸ್ಲೆ ಸಹೋದರರಿಗೆ ಮಾತ್ರ ದೊರೆತಿದ್ದಿತು. ಈ ಕ್ರಾಸ್ಲೆ ಸಹೋದರರಾದ ಫ್ರಾಂಕ್ ಮತ್ತು ವಿಲಿಯಂ ಎಂಬವರು ದೈವಭಕ್ತರಾದ ಕ್ರೈಸ್ತರು. ಮದ್ಯವನ್ನು ಮುಟ್ಟದವರು, ಮದ್ಯ ಕಾಯಿಸುವ ಕಾರ್ಖಾನೆಗಳಿಗೆ ತಮ್ಮ ಎಂಜಿನುಗಳನ್ನು ಮಾರಲೊಲ್ಲದವರು. ಅವರ ವ್ಯಾಪಾರದ ಚಿಹ್ನೆಯೂ ಒಂದು ಶಿಲುಬೆಯೇ ಆಗಿದ್ದಿತು. 1882ರಲ್ಲಿ ಲಂಡನ್ನಿನ ಮೇಲಿನ ನ್ಯಾಯಸ್ಥಾನವು, ಲಿನ್‌ಫರ್ಡ್ ಎಂಬವರ ಮೇಲೆ ಹೂಡಿದ್ದ ಪ್ರಸಿದ್ಧವಾದ ವ್ಯಾಜ್ಯದಲ್ಲಿ, ಒಟ್ಟೊವಿನ ಪೇಟೆಂಟು ಊರ್ಜಿತವೆಂದು ತೀರ್ಪಿತ್ತಿತು. ಜರ್ಮನಿಯಲ್ಲಿ 1886ರಲ್ಲಿ ಅದೇ ಪೇಟೆಂಟಿನ ಮುಖ್ಯಭಾಗವು ರದ್ದಾಯಿತು; ನಾಲ್ಕು ಹೊಡೆತಗಳ ಕಲ್ಪನೆಯನ್ನು ಫ್ರಾನ್ಸಿನ ಬೊ ದ ರೋಶಾ ಎಂಬವನು 1862ರಲ್ಲಿಯೇ ಬರೆದಿದ್ದನೆಂಬುದು ಅಲ್ಲಿ ಹೊರಬಿದ್ದಿತು. ಇಂಗ್ಲೆಂಡಿನಲ್ಲಿ ಮಾತ್ರ ಬಾಗಿಲು ಮುಚ್ಚಿಯೇ ಇದ್ದಿತು. ಗ್ಯಾಸು ಎಂಜಿನನ್ನು ಕಟ್ಟಬೇಕೆಂಬ ಆಂಗ್ಲ ಶಿಲ್ಪಿಗಳಲ್ಲಿ ಕೆಲವರು ಕೈಚೆಲ್ಲಿದರು, ಕೆಲವರು ನ್ಯಾಯಸ್ಥಾನದಲ್ಲಿ ಹಣವನ್ನು ಕಳೆದುಕೊಂಡರು. ಅಟ್ಕಿನ್ಸನ್ನನು ಬೇರೊಂದು ದಾರಿಯನ್ನು ಕಡಿಯಲು ತೊಡಗಿದನು.

ಆತನ ಮೊದಲನೆಯ ಯಂತ್ರವು ಅದೇ 1882ನೆಯ ಇಸವಿಯದು. ಅದಕ್ಕೆ ಡಿಫರೆನ್ಷಿಯಲ್ ಎಂಜಿನೆಂದು ಹೆಸರು. ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್ನುಗಳು ಎದುರುಬದುರಾಗಿ ಇದ್ದುವು. ಒಂದು ಹೆಚ್ಚುಕಡಿಮೆ ನಿಂತೇ ಇರುವಾಗ ಇನ್ನೊಂದು ಅದರ ಸಮೀಪಕ್ಕೆ ಬಂದು ಹಿಂದಿರುಗುವುದು. ಆಮೇಲೆ ಸರದಿಯು ಬದಲಾಗುವುದು. ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಒಬ್ಬರಾದ ಮೇಲೊಬ್ಬರು ಒನಕೆ ಹಾಕುವುದನ್ನು ನೆನೆದರೆ ಆ ಕ್ರಮವು ಮನಸ್ಸಿಗೆ ಬರುವುದು. ಎರಡೂ ಪಿಸ್ಟನ್ನುಗಳು ಕೀಲುಗಳುಳ್ಳ ಸಲಾಕೆಗಳ ಮೂಲಕ ಒಂದೇ ತಿರುಗಚ್ಚಿಗೆ ಸೇರಿದ್ದುವು.

ಎರಡನೆಯದು 1887ರ ಯಂತ್ರ. ಆತನ ಹೆಸರನ್ನು ಇಂದಿಗೂ ಉಳಿಸಿರುವುದು ಇದೇ. ಅಮೆರಿಕದಲ್ಲಿ ಅದಕ್ಕೆ ಆ ವರ್ಷದ ಆಗಸ್ಟ್ 2ರಂದು ಪೇಟೆಂಟು ದೊರೆಯಿತು. ಇದರಲ್ಲಿ ಪಿಸ್ಟನ್ನು ಒಂದೇ. ಆದರೆ ಅದಕ್ಕೂ ತಿರುಗಚ್ಚಿಗೂ ನಡುವೆ ಕೀಲುಸಲಾಕೆಗಳ ಒಂದು ಚತುರವಾದ ಜೋಡಣೆಯಿದ್ದಿತು. ಒಟ್ಟೊವಿನ ಎಂಜಿನಿನಲ್ಲಿ ನಾಲ್ಕು ಹೊಡೆತಗಳಿಗೆ ಅಚ್ಚು ಎರಡು ಸುತ್ತು ತಿರುಗಬೇಕು. ಇದರಲ್ಲಿ ಒಂದೇ ಸುತ್ತಿಗೆ ನಾಲ್ಕೂ ಮುಗಿಯುತ್ತಿದ್ದುವು. ಅದಕ್ಕಿಂತಲೂ ದೊಡ್ಡ ವಿಶೇಷವೆಂದರೆ, ನಾಲ್ಕು ಹೊಡೆತಗಳೂ ಸಮಾನವಾಗಿರಲಿಲ್ಲ. ಗಾಳಿಯನ್ನು ಎಳೆಯುವ ಮತ್ತು ಒತ್ತುವ ಹೊಡೆತಗಳು ಗಿಡ್ಡ. ಹಿಗ್ಗುವ ಮತ್ತು ಹೊಗೆಯನ್ನು ಹೊರದೂಡುವ ಹೊಡೆತಗಳು ಉದ್ದ. ಉರಿದ ಗಾಳಿಯು ತನ್ನ ಒತ್ತಡವು ಬಹುಮಟ್ಟಿಗೆ ಇಳಿಯುವ ತನಕ ಪಿಸ್ಟನನ್ನು ದೂಡುತ್ತಲೇ ಹೋಗುತ್ತಿದ್ದಿತು. ಕಬ್ಬನ್ನು ಮಡಿಸಿ ಎರಡನೆಯ ಸಲ ಗಾಣಕ್ಕೆ ಕೊಟ್ಟಂತಾಯಿತು. ಗಾಣದಿಂದ ಹೊರಬಿದ್ದುದು ನಿಜವಾಗಿಯೂ ಸಿಪ್ಪೆಯೇ ಆಗಿದ್ದಿತು.

1888ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಎಂಬ ಸಂಸ್ಥೆಯು ವಿದ್ಯುದ್ದೀಪಗಳಿಗೆ ತಕ್ಕ ಎಂಜಿನುಗಳನ್ನು ಪರೀಕ್ಷೆಗೆ ಒಡ್ಡಿತು. ಕ್ರಾಸ್ಲೆಯವರ ಎಂಜಿನೂ ಅಟ್ಕಿನ್ಸನ್ನನ ಎಂಜಿನೂ ಅಲ್ಲಿ ಒಟ್ಟಿಗೆ ನಿಂತುವು. ಒಂದು ಅಶ್ವಶಕ್ತಿಯ ಕೆಲಸಕ್ಕೆ ಗಂಟೆಗೆ ಖರ್ಚಾದ ಗ್ಯಾಸನ್ನು ಅಳೆದು ನೋಡಿದಾಗ, ಎಲ್ಲಕ್ಕಿಂತ ಕಡಿಮೆ ಗ್ಯಾಸನ್ನು ಉರಿಯಿಸಿದುದು ಅಟ್ಕಿನ್ಸನ್ನನ ಎಂಜಿನು. ಆತನ ಎಣಿಕೆಯು ಸರಿಯೆಂಬುದು ಹೀಗೆ ಬಹಿರಂಗವಾಗಿ ಸಿದ್ಧವಾಯಿತು.

ಇಷ್ಟಾದ ಮೇಲೆ ಆತನು ಐಶ್ವರ್ಯವಂತನಾಗಿ ಸುಖವಾಗಿದ್ದನೆಂದು ಬರೆಯಬಹುದಾಗಿದ್ದರೆ ಇದು ಸಾಮಾನ್ಯವಾದ ಜೀವನಚರಿತ್ರೆಯಾಗುತ್ತಿತ್ತು. ನಡೆದುದು ಬೇರೆ. ಆತನ ಎಂಜಿನಿನ ಕೀಲುಗಳು ಅನೇಕವಾಗಿದ್ದು, ಅವು ಸವೆಯುತ್ತಿದ್ದುವು. ಅವುಗಳನ್ನು ಕಾಪಾಡುವುದು ಪ್ರಯಾಸವಾಗಿತ್ತು. ಹಿಗ್ಗುವುದಕ್ಕೆ ಹೆಚ್ಚು ಜಾಗ ಬೇಕಾದ್ದರಿಂದ, ಅಷ್ಟೇ ಬಲಕ್ಕೆ ಇದರ ಗಾತ್ರವು ದೊಡ್ಡದಾಗುತ್ತಿತ್ತು. 1890ರಲ್ಲಿ ಒಟ್ಟೊವಿನ ಇಂಗ್ಲಿಷ್ ಪೇಟೆಂಟಿನ ಅವಧಿಯು ಮುಗಿದು, ಮುಚ್ಚಿದ್ದ ಬಾಗಿಲು ಎಲ್ಲರಿಗೂ ತೆರೆಯಿತು. ಸರಳವಾದ ಎಂಜಿನನ್ನು ಯಾರು ಬೇಕಾದರೂ ಕಟ್ಟಬಹುದಾದ ಮೇಲೆ ಕಷ್ಟದ ಎಂಜಿನನ್ನು ಕೊಳ್ಳುವವರು ಯಾರು? ಗ್ಯಾಸಿನಲ್ಲಿ ಉಳಿಯುವ ಹಣವು ರಿಪೇರಿಯಲ್ಲಿ ಹೋಗುತ್ತಿದ್ದಿತು. ಅಟ್ಕಿನ್ಸನ್ನನ ಯಂತ್ರವು ಕ್ರಮೇಣ ಪೇಟೆಯಿಂದ ಮರೆಯಾಯಿತು.

ಆಮೇಲೆ ಆತನು ಮಾಡಿದುದನ್ನು ನಾವು ಬಹಳವಾಗಿ ಗೌರವಿಸುತ್ತೇವೆ. ತನ್ನೊಡನೆ ಸ್ಪರ್ಧಿಸಿದ ಕ್ರಾಸ್ಲೆ ಸಹೋದರರ ಕಾರ್ಖಾನೆಗೇ ಆತನು ಸೇರಿ, 1890ರ ದಶಕದಲ್ಲಿ ಒಟ್ಟೊವಿನ ಎಂಜಿನನ್ನೇ ಉತ್ತಮಪಡಿಸುವ ಕೆಲಸಕ್ಕೆ ಕೈಹಾಕಿದನು. ನಾಲ್ಕನೆಯ ಹೊಡೆತವು ಮುಗಿದ ಮೇಲೂ ಸಿಲಿಂಡರಿನ ಮೂಲೆಯಲ್ಲಿ ಸ್ವಲ್ಪ ಸುಟ್ಟ ಹೊಗೆಯು ಉಳಿದು ಹೊಸ ಗಾಳಿಯನ್ನು ಕೆಡಿಸುತ್ತಿದ್ದಿತು. ಆತನು ಹೊಗೆಯ ಕೊಳವೆಯನ್ನು ತಕ್ಕ ಅಳತೆಯಲ್ಲಿ ಬಹಳ ಉದ್ದ ಮಾಡಿಸಿದನು. ಆ ಕೊಳವೆಯಲ್ಲಿ ವೇಗವಾಗಿ ಸಾಗುವ ಹೊಗೆಯು ತನ್ನ ಹಿಂದೆ ಒಂದು ಸೆಳೆತವನ್ನು ಹುಟ್ಟಿಸಿ ಶುದ್ಧವಾದ ಗಾಳಿಯನ್ನು ಒಳಕ್ಕೆ ಎಳೆದು ಮೂಲೆಯನ್ನು ಗುಡಿಸುವಂತೆ ಮಾಡಿದನು. ಎಸೆಯಲ್ಪಡುತ್ತಿದ್ದ ಹೊಗೆಯ ಓಟದಿಂದಲೇ ಕೆಲಸವನ್ನು ಪಡೆದುದನ್ನು ಗಮನಿಸಬೇಕು. ದಾರಿಯು ಬದಲಾದರೂ ಆತನ ದೃಷ್ಟಿಯು ಬದಲಾಗಲಿಲ್ಲ. ವ್ಯರ್ಥವಾಗುವುದರ ಮೇಲೆಯೇ ಆತನ ಕಣ್ಣಿದ್ದಿತು. 1914ರಲ್ಲಿ ಆತನು ತೀರಿಕೊಂಡನು. ಆ ಹೊತ್ತಿಗೆ ಮೋಟಾರು ಕಾರುಗಳು ಲೋಕದ ಬೀದಿಗಳಲ್ಲಿ ಸಹಸ್ರ ಸಹಸ್ರವಾಗಿ ಓಡುತ್ತಿದ್ದುವು. ಪೆಟ್ರೋಲು ಕಾರುಗಳನ್ನು ಓಡಿಸುತ್ತಿದ್ದುದು ಒಟ್ಟೊವಿನ ಕ್ರಮ; ಅಟ್ಕಿನ್ಸನ್ನನದು ಪುಸ್ತಕಗಳ ಒಂದು ಪುಟವಾಗಿ ಉಳಿದಿದ್ದಿತು.

ಆ ಪುಟವನ್ನು ತೆರೆದವರಲ್ಲಿ ಒಬ್ಬನು ರಾಲ್ಫ್ ಮಿಲ್ಲರ್ ಎಂಬ ಅಮೆರಿಕದ ಶಿಲ್ಪಿ. ಕೀಲುಸಲಾಕೆಗಳಿಲ್ಲದೆ, ಗಾಳಿಯ ಬಾಗಿಲನ್ನು ಮುಚ್ಚುವ ಹೊತ್ತನ್ನು ಮಾತ್ರ ಬದಲಾಯಿಸಿ ಒತ್ತುವ ಅಳತೆಯನ್ನು ಕಿರಿದುಮಾಡುವ ಉಪಾಯಕ್ಕೆ ಆತನು 1957ರಲ್ಲಿ ಪೇಟೆಂಟು ಪಡೆದನು. ಇಂದಿನ ಹೈಬ್ರಿಡ್ ಕಾರುಗಳ ಎಂಜಿನುಗಳು ಅಟ್ಕಿನ್ಸನ್ನನ ಹೆಸರನ್ನು ಹೊತ್ತಿದ್ದರೂ ಅನುಸರಿಸುವುದು ಬಾಗಿಲಿನ ಈ ಉಪಾಯವನ್ನೇ. ಅದನ್ನು ನಮ್ಮ ಗೃಹಿಣಿಯರಿಗೆ ಸುಲಭವಾಗಿ ತಿಳಿಸಬಹುದು. ಅನ್ನಕ್ಕೆ ಅಕ್ಕಿಯನ್ನು ಅಳೆಯುವಾಕೆಯು ಸೇರು ತುಂಬ ತೆಗೆದುಕೊಂಡು, ಅದರಿಂದ ಒಂದು ಹಿಡಿಯನ್ನು ಪುನಃ ಮಡಕೆಗೆ ಹಾಕುವಳಷ್ಟೆ. ಹಾಗೆಯೇ ಈ ಎಂಜಿನು ಸಿಲಿಂಡರು ತುಂಬ ಗಾಳಿಯನ್ನು ಎಳೆದುಕೊಳ್ಳುವುದು. ಪಿಸ್ಟನ್ನು ಒತ್ತಲು ಹಿಂದಿರುಗಿದ ಮೇಲೂ ಒಳಬಾಗಿಲನ್ನು ಸ್ವಲ್ಪ ಹೊತ್ತು ತೆರೆದೇ ಇಡುವುದು. ಗಾಳಿಯಲ್ಲಿ ಒಂದು ಪಾಲು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುವುದು. ಆಮೇಲೆ ಬಾಗಿಲು ಮುಚ್ಚುವುದು. ಉಳಿದುದು ಮಾತ್ರ ಇರುಕಿಸಲ್ಪಡುವುದು. ಪಾತ್ರೆಯು ದೊಡ್ಡದೇ ಇರುವುದರಿಂದ ಉರಿದ ಗಾಳಿಗೆ ಹಿಗ್ಗಲು ಪೂರ್ಣವಾದ ಸ್ಥಳವು ದೊರೆಯುವುದು. ಒತ್ತುವುದು ಕಡಿಮೆ, ಹಿಗ್ಗುವುದು ಹೆಚ್ಚು. ಅಟ್ಕಿನ್ಸನ್ನನ ಉದ್ದೇಶವು ಒಂದು ಕೀಲೂ ಇಲ್ಲದೆ ಈಡೇರುವುದು. ಇನ್ನೊಂದು ಲಾಭವೂ ಉಂಟು. ಸಾಮಾನ್ಯವಾದ ಪೆಟ್ರೋಲು ಎಂಜಿನು ನಿಧಾನವಾಗಿ ದುಡಿಯುವಾಗ ಅದರ ಗಾಳಿಯ ದಾರಿಯನ್ನು ಬಿಗಿಹಿಡಿಯಬೇಕಾಗುವುದು. ಇಕ್ಕಟ್ಟಿನಿಂದ ಗಾಳಿಯನ್ನು ಎಳೆಯುವುದಕ್ಕೇ ಸ್ವಲ್ಪ ಬಲವು ಖರ್ಚಾಗುವುದು. ಹೆಚ್ಚಾದುದನ್ನು ಹಿಂದಿರುಗಿಸುವ ಈ ಎಂಜಿನಿನಲ್ಲಿ ದಾರಿಯನ್ನು ಅಗಲವಾಗಿಯೇ ಬಿಡಬಹುದು.

ಉಪಾಯವು ಇಷ್ಟು ಸುಲಭವಾಗಿರಲು, ಇದನ್ನು ಎಲ್ಲ ಕಾರುಗಳಲ್ಲಿಯೂ ಮೊದಲೇ ಏಕೆ ಹಾಕಲಿಲ್ಲ? ಒಂದು ಹಿಡಿ ಅಕ್ಕಿಯನ್ನು ಹಿಂದಕ್ಕೆ ಹಾಕಿದರೆ ಅನ್ನವು ಅಷ್ಟು ಕಡಿಮೆಯಾಗುವುದಷ್ಟೆ. ಸಿಲಿಂಡರಿನ ಗಾತ್ರಕ್ಕೆ ತಕ್ಕಷ್ಟು ಗಾಳಿಯನ್ನೂ ಇಂಧನವನ್ನೂ ಉರಿಯಿಸದ ಎಂಜಿನು ಬಲದಲ್ಲಿ ಹಿಂದೆ ಬೀಳುವುದು; ವಿಶೇಷವಾಗಿ, ನಿಂತಲ್ಲಿಂದ ಹೊರಡುವಾಗಲೂ ಏರು ಹತ್ತುವಾಗಲೂ ಅದಕ್ಕೆ ಕಸುವು ಸಾಲದು. ಟೊಯೋಟ ಕಂಪೆನಿಯು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರತಂದ ಪ್ರಿಯಸ್ ಎಂಬ ಹೈಬ್ರಿಡ್ ಕಾರಿನಲ್ಲಿ ಈ ಕ್ರಮದ 1.5 ಲೀಟರಿನ ಎಂಜಿನು ಇದ್ದಿತು. ಅದರ ಬಲವು ಕೇವಲ 58 ಅಶ್ವಶಕ್ತಿ. ಅದೇ ಗಾತ್ರದ ಸಾಮಾನ್ಯ ಎಂಜಿನುಗಳು ನೂರರ ಸಮೀಪದಲ್ಲಿ ಕೊಡುತ್ತಿದ್ದುವು. ಆ ಎಂಜಿನನ್ನು ಒಂಟಿಯಾಗಿ ರಸ್ತೆಗೆ ಬಿಟ್ಟಿದ್ದರೆ ಕೊಳ್ಳುವವರು ಇರುತ್ತಿರಲಿಲ್ಲ.

ಆದರೆ ಅದು ಒಂಟಿಯಾಗಿರಲಿಲ್ಲ. ಅದರ ಜೊತೆಗೆ ವಿದ್ಯುತ್ ಮೋಟಾರೂ ಬ್ಯಾಟರಿಯೂ ಇದ್ದುವು. ವಿದ್ಯುತ್ ಮೋಟಾರಿನ ಸ್ವಭಾವವು ಎಂಜಿನಿಗೆ ತದ್ವಿರುದ್ಧ. ನಿಂತಲ್ಲಿಂದ ಹೊರಡುವಾಗಲೇ ಅದರ ತಿರುಚುಬಲವು ಪೂರ್ಣವಾಗಿರುವುದು. ಆದ್ದರಿಂದ ಹೊರಡುವುದೂ ಮೆಲ್ಲನೆ ಸಾಗುವುದೂ ಮೋಟಾರಿನ ಕೆಲಸವಾಯಿತು. ನಮ್ಮ ಅಂಗಳದಿಂದ ಕಾರು ಸದ್ದಿಲ್ಲದೆ ಸರಿದುಹೋದುದರ ಕಾರಣವು ಇದೇ. ವೇಗವು ಹಿಡಿದ ಮೇಲೆ ಎಂಜಿನು ಎಚ್ಚತ್ತು, ತನಗೆ ಅತ್ಯಂತ ಹಿತವಾದ ಗತಿಯಲ್ಲಿ ದುಡಿಯುವುದು. ಮಿಕ್ಕ ಬಲದಿಂದ ಬ್ಯಾಟರಿಯನ್ನು ತುಂಬುವುದು. ಏರು ಬಂದರೆ ಇಬ್ಬರೂ ಹೆಗಲು ಕೊಡುವರು. ಬ್ರೇಕು ಹಾಕಿದಾಗಲೂ ಇಳಿಜಾರಿನಲ್ಲಿಯೂ ಮೋಟಾರು ತಾನೇ ಜನರೇಟರಾಗಿ, ಸಾಮಾನ್ಯ ಕಾರಿನಲ್ಲಿ ಬಿಸಿಯಾಗಿ ಹಾಳಾಗುವ ಚಲನಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುವುದು. ಕಾರು ನಿಂತಾಗ ಎಂಜಿನೂ ನಿಲ್ಲುವುದು. 2015ರ ಪ್ರಿಯಸ್ ಕಾರಿನ ಎಂಜಿನು, ತನಗೆ ಹಿತವಾದ ಗತಿಯಲ್ಲಿ, ಪೆಟ್ರೋಲಿನ ಶಾಖದಲ್ಲಿ ನೂರಕ್ಕೆ 40 ಪಾಲನ್ನು ಕೆಲಸವನ್ನಾಗಿ ಮಾರ್ಪಡಿಸುವುದೆಂದು ಅದರ ತಯಾರಕರು ಪ್ರಕಟಿಸಿದರು. ಪೆಟ್ರೋಲು ಎಂಜಿನುಗಳ ಚರಿತ್ರೆಯಲ್ಲಿ ಇದು ದೊಡ್ಡ ಅಂಕೆಯೇ ಸರಿ.

ಈ ಕಥೆಯು ನಮ್ಮ ನಾಡಿಗೂ ಬಂದು ತಲಪಿದೆ. ಲಂಡನ್ನಿನಲ್ಲಿ ಅಟ್ಕಿನ್ಸನ್ನನ ಎಂಜಿನು ಪರೀಕ್ಷೆಗೆ ನಿಂತ ಆ 1888ನೆಯ ಇಸವಿಯಲ್ಲಿಯೇ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ವ್ಯವಹಾರವು ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯಾಗಿ ಮೊದಲಾಯಿತು. ಆ ಮನೆತನದ ಹೆಸರು ಜಪಾನಿನ ಕಂಪೆನಿಯ ಹೆಸರಿನೊಡನೆ ಸೇರಿ, 1997ರಲ್ಲಿ ಟೊಯೋಟ ಕಿರ್ಲೋಸ್ಕರ್ ಮೋಟಾರ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಅದರ ಕಾರ್ಖಾನೆಗಳು ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿವೆ. 2013ರಲ್ಲಿ ಅಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಜೋಡಿಸಲು ತೊಡಗಿದರು. 2022ರಲ್ಲಿ ಹೈರೈಡರ್ ಎಂಬ ಚಿಕ್ಕ ಕಾರೂ ಇನ್ನೋವ ಹೈಕ್ರಾಸ್ ಎಂಬ ದೊಡ್ಡ ಕಾರೂ ಹೈಬ್ರಿಡ್ ರೂಪದಲ್ಲಿ ಹೊರಬಂದುವು. ಹೈರೈಡರಿನ ಹೈಬ್ರಿಡ್ ಕಾರಿನಲ್ಲಿ ಮೂರು ಸಿಲಿಂಡರುಗಳ 1.5 ಲೀಟರಿನ ಎಂಜಿನಿಗೆ ಸುಮಾರು 92 ಅಶ್ವಶಕ್ತಿ, ಮೋಟಾರಿಗೆ ಸುಮಾರು 80. ಎರಡರ ಪರಮಾವಧಿಯೂ ಒಂದೇ ಕ್ಷಣದಲ್ಲಿ ಕೂಡಿಬರುವುದಿಲ್ಲವಾದ್ದರಿಂದ ಒಟ್ಟು ಬಲವು ಸುಮಾರು 116. ಅದಕ್ಕೆ ಪ್ರಕಟಿಸಿದ ಓಟವು ಲೀಟರು ಪೆಟ್ರೋಲಿಗೆ 27.97 ಕಿಲೋಮೀಟರು. ಇದು ಪರೀಕ್ಷಾಲಯದ ಅಂಕೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯಲ್ಲಿ, ಮಳೆಗಾಲದ ಗುಂಡಿಗಳ ನಡುವೆ, ಅಷ್ಟೇ ಓಡಬೇಕೆಂದು ಯಾರೂ ನಿರೀಕ್ಷಿಸತಕ್ಕದ್ದಲ್ಲ.

ಪೋಷಕರಲ್ಲಿ ಇಂತಹ ವಾಹನವನ್ನು ಕೊಳ್ಳುವ ಯೋಚನೆಯುಳ್ಳವರಿಗಾಗಿ ಎರಡು ಮಾತುಗಳನ್ನು ಸೇರಿಸುವುದು ನ್ಯಾಯವೆಂದು ತೋರುತ್ತದೆ. ತಂತಿಯಿಂದ ವಿದ್ಯುತ್ತನ್ನು ತುಂಬಿಸಿಕೊಳ್ಳದ ಈ ಬಗೆಯ ಕಾರಿನಲ್ಲಿ ಬ್ಯಾಟರಿಗೆ ಬರುವ ಶಕ್ತಿಯೆಲ್ಲವೂ ಮೂಲದಲ್ಲಿ ಪೆಟ್ರೋಲಿನದೇ. ಅದು ಶಕ್ತಿಯನ್ನು ಹೊಸದಾಗಿ ಹುಟ್ಟಿಸುವುದಿಲ್ಲ; ವ್ಯರ್ಥವಾಗುವುದನ್ನು ತಡೆಯುವುದು, ಅಷ್ಟೆ. ನಿಲ್ಲುತ್ತ ಹೊರಡುತ್ತ ಸಾಗುವ ಪೇಟೆಯ ಬೀದಿಗಳಲ್ಲಿಯೂ ಏರಿಳಿತದ ಮಲೆನಾಡಿನ ದಾರಿಗಳಲ್ಲಿಯೂ ಅದರ ಉಳಿತಾಯವು ಚೆನ್ನಾಗಿ ಕಾಣುವುದು. ಒಂದೇ ವೇಗದಲ್ಲಿ ಹೆದ್ದಾರಿಯ ಮೇಲೆ ದೂರ ಓಡುವವರಿಗೆ ಲಾಭವು ಅಷ್ಟಿಲ್ಲ. ಬೆಲೆಯೂ ಸಾಮಾನ್ಯ ಕಾರಿಗಿಂತ ಹೆಚ್ಚು. ವರ್ಷಕ್ಕೆ ಎಷ್ಟು ಓಡಿಸುವೆವೆಂಬುದನ್ನು ಲೆಕ್ಕಹಾಕಿಯೇ ನಿರ್ಧರಿಸಬೇಕು.

ಅಟ್ಕಿನ್ಸನ್ನನ ಎಂಜಿನಿನಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಅದರ ದೌರ್ಬಲ್ಯವು ನಿಜವಾದದ್ದೇ. ಅದಕ್ಕೆ ತಕ್ಕ ಜೊತೆಯು ದೊರೆಯುವ ತನಕ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಜೊತೆಯು ಬಂದ ಮೇಲೆ ದೌರ್ಬಲ್ಯವು ಬಾಧಿಸಲಿಲ್ಲ, ಗುಣವು ಮಾತ್ರ ಕೆಲಸಕ್ಕೆ ಬಂದಿತು. ಹೀಗಾದೀತೆಂಬುದು 1914ರಲ್ಲಿ ಕಣ್ಣು ಮುಚ್ಚಿದ ಆ ಮನುಷ್ಯನಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ತಿಳಿಯದೆಯೂ ಆತನು ಕಡೆಯ ತನಕ ಕೆಲಸ ಮಾಡಿದನು. ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳ ಅಂಕಪಟ್ಟಿಗೆ ರುಜು ಹಾಕುವಾಗಲೆಲ್ಲ ನಮಗೆ ಈಗ ಈ ಎಂಜಿನಿನ ನೆನಪಾಗುತ್ತದೆ.

ಕಡೆಯದಾಗಿ, ಆ ಹಳೆಯ ವಿದ್ಯಾರ್ಥಿನಿಗೆ ಒಂದು ಮಾತು. ಮಗಳೇ, ಈ ಸಂಚಿಕೆಯು ನಿನ್ನ ಕೈಸೇರಿದರೆ, ನಿನ್ನ ಪ್ರಶ್ನೆಯು ಸರಿಯಾಗಿತ್ತೆಂದು ತಿಳಿ. ಅದು ಪುಸ್ತಕದಲ್ಲಿ ಇಲ್ಲದುದು ಪುಸ್ತಕದ ಕೊರತೆಯೇ ಹೊರತು ನಿನ್ನದಲ್ಲ. ಅದನ್ನು ಅಡಗಿಸಿದುದು ನಮ್ಮ ತಪ್ಪು. ನಮ್ಮ ವಿಜ್ಞಾನದ ಕೊಠಡಿಯಲ್ಲಿ ಈಗ ಒಂದು ದಪ್ಪ ನೋಟುಪುಸ್ತಕವನ್ನು ಇಟ್ಟಿದ್ದೇವೆ. ಪಾಠದಲ್ಲಿ ಇಲ್ಲದ ಪ್ರಶ್ನೆಗಳನ್ನು ಹುಡುಗಿಯರು ಅದರಲ್ಲಿ ಬರೆಯುತ್ತಾರೆ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಬರೆದು, ಹುಡುಕಿ, ಆಮೇಲೆ ಬರೆಯುತ್ತೇವೆ. ಅದರ ಮೊದಲನೆಯ ಪುಟದಲ್ಲಿ ನಿನ್ನ ಪ್ರಶ್ನೆಯನ್ನು ನಮ್ಮ ಕೈಯಿಂದಲೇ ಬರೆದಿದ್ದೇವೆ. ಅದರ ಕೆಳಗೆ ಉತ್ತರವೂ ಇದೆ. ಬಿಡುವಾದಾಗ ಬಂದು ನೋಡಿ, ತಪ್ಪಿದ್ದರೆ ತಿದ್ದಿ ಹೋಗು.